‘ಆಯ್ತು’ ಎಂಬ ಮಾತಿಗೊಂದು ಕೊಕ್ಕೆ

ಆಫೀಸಿನಲ್ಲಿ ಅವಳಿಗೆ ಕೊಕ್ಕೆ ಮೇಡಂ ಎಂದೇ ಹೆಸರು. ಈ ಸಂಗತಿ ಅವಳಿಗೆ ಗೊತ್ತಿಲ್ಲ ಎಂದುಕೊಂಡವರು ಶುದ್ಧ ಪೆದ್ದರು. ದೊಡ್ಡ ಆಸ್ಪತ್ರೆಯೊಂದಕ್ಕೆ ಹೊಸ ಸಾಫ್ಟ್‌ವೇರ್ ಕಟ್ಟುವ ಕೆಲಸ ನಡೆದಿತ್ತು. ಹಲವು ತಂಡ, ತಂಡಕ್ಕೊಂದು ದಿಕ್ಕು. ಯಾರು ಏನು ಮಾಡುತ್ತಿದ್ದಾರೆ, ಯಾರ ಕೆಲಸ ಯಾರಿಗಾಗಿ ಕಾದಿದೆ ಎಂಬುದನ್ನೆಲ್ಲ ಗೋಡೆಯ ಪರದೆಯ ಮೇಲೆ ಚೀಟಿಗಳಾಗಿ ಹರವಿ, ಎಲ್ಲರನ್ನೂ ಒಂದು ದಾರಿಗೆ ತರುವುದು ಅವಳ ಪಾಲಿಗೆ ಬಂದಿತ್ತು. ತಲೆ ಚಿಟ್ಟು ಹಿಡಿಸುವ ಕೆಲಸ.

ಅವಳ ವೈರಿ ‘ಆಯ್ತು’ ಎಂಬ ಪದ. ನಮ್ಮ ಜನ ಒಪ್ಪಿಕೊಂಡರೂ ಆಯ್ತು ಅನ್ನುತ್ತಾರೆ, ಮುಗಿಸಿದರೂ ಆಯ್ತು ಅನ್ನುತ್ತಾರೆ, ಸಾಕು ಬಿಡು ಮಹಾರಾಯ್ತಿ ಎನ್ನುವುದಕ್ಕೂ ಅದೇ. ಹಿಂದೊಮ್ಮೆ ಹೀಗೇ, ಯಾರೂ ಪರೀಕ್ಷಿಸದ ಭಾಗವೊಂದು ‘ಮುಗಿದದ್ದು’ ಎಂಬ ಸಾಲಿಗೆ ಸೇರಿಬಿಟ್ಟಿತ್ತು. ಅಂದಿನಿಂದ ಸಭೆಯಲ್ಲಿ ಆ ಪದ ನಿಷಿದ್ಧ. ಒಂದೋ ‘ಮಾಡ್ತೀನಿ’ ಎನ್ನಬೇಕು, ಇಲ್ಲ ‘ಮಾಡಿದೀನಿ’ ಎಂದು ತೋರಿಸಬೇಕು. ಮನೆಯಲ್ಲೂ ಇದೇ ಕಾನೂನು. ಪಾಪ, ಗಂಡ ಒಲೆ ಆರಿಸಿದ್ದಕ್ಕೂ ಅವಳನ್ನು ಅಡುಗೆಮನೆಗೆ ಕರೆದೊಯ್ದು ತೋರಿಸುತ್ತಿದ್ದ.

ಹಳೆಯ ಸಾಫ್ಟ್‌ವೇರ್ ನಿಲ್ಲಿಸಿ ಹೊಸದನ್ನು ಶುರುಮಾಡುವ ಮುನ್ನಾದಿನ ಕೊನೆಯ ಸಭೆ. ಮುಖ್ಯಸ್ಥರು ಆಸ್ಪತ್ರೆಗೆ ಮಾತು ಕೊಟ್ಟಾಗಿತ್ತು. ಯಾವ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ವಿವರಗಳು ಹಳೆಯದರಿಂದ ಹೊಸದಕ್ಕೆ ಸರಿಯಾಗಿ ಬಂದಿವೆಯೇ ಎಂದು ತಾಳೆ ನೋಡುವ ಹೊಣೆ ಹಿರಿಯರೊಬ್ಬರದು. ಅವಳಿಗೆ ಈ ಕೆಲಸದ ಅ ಆ ಇ ಈ ಕಲಿಸಿದವರೇ ಅವರು.

“ತಾಳೆ ನೋಡೋದು ಎಲ್ಲಿಗೆ ಬಂತು, ಗುರುಗಳೇ?”

“ಆಯ್ತಮ್ಮ.”

ಇವರನ್ನು ಹೇಗೆ ಕೇಳುವುದು? ಬಿಟ್ಟುಬಿಡೋಣ ಅನ್ನಿಸಿದ್ದು ನಿಜ. ಆದರೆ ಒಗ್ಗದ ಔಷಧಿ ಯಾರದೋ ಮೈಸೇರಿದರೆ?

“ಮಾಡ್ತೀರೋ, ಮಾಡಿದೀರೋ?”

“ನನ್ನನ್ನೂ ಕೇಳ್ತೀಯಾ?”

“ಕೇಳ್ಲೇಬೇಕು. ತೋರಿಸಿ.”

ಅವರು ಲ್ಯಾಪ್‌ಟಾಪ್ ತೆರೆಯಲಿಲ್ಲ. “ಅರ್ಧ ನೋಡಿದೀನಿ,” ಎಂದರು, ಮೇಜಿನತ್ತ ಮುಖ ಮಾಡಿ.

ಮುಖ್ಯಸ್ಥರು ಕೆಂಡಾಮಂಡಲವಾದರು, ಅದೂ ಅವಳ ಮೇಲೆ. “ಇದನ್ನ ಮೊದಲೇ ಹಿಡಿಯೋಕೆ ಆಗ್ಲಿಲ್ವಾ ನಿಮಗೆ?”

“ಇಲ್ಲ ಸರ್, ತಪ್ಪು ನಂದೇ. ನಾಳೆ ಶುರು ಮಾಡೋದು ಬೇಡ.”

ಆಗ ಹಿರಿಯರು ಎದ್ದು ನಿಂತರು. “ಅವಳನ್ನ ಬೈಬೇಡಿ. ಮುಚ್ಚಿಟ್ಟೋನು ನಾನು. ಅವಳು ಕೇಳದೇ ಇದ್ದಿದ್ರೆ ಈಗ್ಲೂ ಹೇಳ್ತಿರ್ಲಿಲ್ಲ.”

ಮುಖ್ಯಸ್ಥರು ಆಸ್ಪತ್ರೆಗೆ ಫೋನ್ ಮಾಡಲು ಹೊರಗೆ ಹೋದರು. ಅವಳು ತನ್ನ ಕುರ್ಚಿಯನ್ನು ಹಿರಿಯರ ಪಕ್ಕಕ್ಕೆ ಎಳೆದುಕೊಂಡು ಕೂತಳು.

“ಉಳಿದರ್ಧ ಒಟ್ಟಿಗೇ ನೋಡೋಣ, ಗುರುಗಳೇ,” ಎಂದಳು.