ರಾಗಿ ಪೈರಿನ ಮೇಲೆ ಇಟ್ಟ ಮನೆಗಳು

ಮೊನ್ನೆ ಹತ್ತಿರದ ಊರಾದ ಪ್ಲೇನ್‌ಫೀಲ್ಡ್‌ನಿಂದ ವಾಪಸಾಗುವಾಗ ಕಾರಿನ ಕಿಟಕಿ ಇಳಿಸಿದ್ದೆ. ರಸ್ತೆ ಪಕ್ಕದಲ್ಲಿ ಮುಸುಕಿನ ಜೋಳದ ಕೊಯ್ಲು ನಡೆದಿತ್ತು. ಒಣಗಿದ ದಂಟು, ಧೂಳು, ಯಂತ್ರದ ಡೀಸೆಲ್ ಎಲ್ಲ ಬೆರೆತ ವಾಸನೆ ಒಳಗೆ ನುಗ್ಗಿತು. ಪಕ್ಕದ ಮನೆಯ ಆಂಟಿ ನೆನಪಾದರು. ನಮ್ಮ ಸಬ್‌ಡಿವಿಷನ್ನಿನ ಅಂದರೆ ನಮ್ಮ ಬಡಾವಣೆಯ, ಹಿಂದಿದ್ದ ಹೊಲದ ಕೊನೆಯ ಕೊಯ್ಲನ್ನು ನಾವಿಬ್ಬರೂ ಹಿತ್ತಲಲ್ಲಿ ನಿಂತು ನೋಡಿದ್ದೆವು. ಕೊನೆಯದು ಎಂದು ಆಗ ಗೊತ್ತಿರಲಿಲ್ಲ. ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು, ಆದರೂ ಒಳಗೆ ಹೋಗಲಿಲ್ಲ. ಆಮೇಲೆ ಕಾಫಿ ಕುಡಿದೆವು. ಏನು ಮಾತಾಡಿದೆವೋ... ನೆನಪಿಡುವಂಥ ದಿನವೇ ಅಲ್ಲ ಅದು.

ಮರುದಿನ ಹೊಲದ ಅಂಚಿನಲ್ಲಿ ಒಂದು ಬೋರ್ಡು ನೆಟ್ಟಿದ್ದರು. ಪಬ್ಲಿಕ್ ಹಿಯರಿಂಗ್, ಅಂದರೆ ಊರಿನವರ ಅಭಿಪ್ರಾಯ ಕೇಳುವ ಸಭೆ, ಇದೆ ಎನ್ನುವ ಬೋರ್ಡು. ಕಾರಿನಲ್ಲಿ ಹೋಗುವ ನಮಗೆ ಅಂಥ ಬೋರ್ಡಿನ ಅಕ್ಷರ ಕಾಣುವುದೇ ಇಲ್ಲ. ಆಂಟಿ ನಡೆದೇ ಹೋಗಿ, ಹುಲ್ಲಿನಲ್ಲಿ ನಿಂತು, ಕ್ಯಾಲೆಂಡರಿನ ಹಾಳೆಯ ಹಿಂದೆ ಎಲ್ಲವನ್ನೂ ಬರೆದುಕೊಂಡು ಬಂದರು. ಹೊಲದಲ್ಲಿ ದೊಡ್ಡ ದೊಡ್ಡ ಮನೆಗಳು ಬರುವುದಿತ್ತು. ಅದೇ ಸಭೆಯಲ್ಲಿ ಇನ್ನೊಂದು ವಿಷಯವೂ ಇತ್ತು. ಹಳೆಯ ಪೇಟೆಬೀದಿಯಲ್ಲಿ ಮುಚ್ಚಿಹೋದ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಒತ್ತೊತ್ತಾಗಿ ನಲವತ್ತು ಸಣ್ಣ ಮನೆಗಳು.

ಆಂಟಿ ಮೈಸೂರಿನವರು. ಗಂಡ ತೀರಿಕೊಂಡ ಮೇಲೆ ಈ ದೇಶಕ್ಕೆ, ಮಗಳ ಮನೆಗೆ ಬಂದವರು. ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯಲು ಹೋಗಿ, ಎರಡು ಸಲ ಟೆಸ್ಟಿನಲ್ಲಿ ಫೇಲಾಗಿ ಬಿಟ್ಟರು. ನಮ್ಮೂರಿನಲ್ಲಿ ಬಸ್ಸಿಲ್ಲ. ಸಬ್‌ಡಿವಿಷನ್ ದಾಟಿದರೆ ಫುಟ್‌ಪಾತೂ ಇಲ್ಲ. ಹಾಲಿಗೆ, ಲೈಬ್ರರಿಗೆ, ಲೆಮಾಂಟಿನ ದೇವಸ್ಥಾನಕ್ಕೆ, ಎಲ್ಲದಕ್ಕೂ ಯಾರದಾದರೂ ಕಾರು ಬೇಕು. ಕರೆದುಕೊಂಡು ಹೋಗು ಎಂದು ಅವರು ಒಮ್ಮೆಯೂ ಕೇಳಿದವರಲ್ಲ. "ನೀನೇನಾದ್ರೂ ಆ ಕಡೆ ಹೋಗೋದಿದ್ಯೇನೇ?" ಅನ್ನುತ್ತಿದ್ದರು. ಆ ನಲವತ್ತು ಮನೆಗಳಲ್ಲಿ ಒಂದು ಅವರಿಗೆ ಬೇಕಿತ್ತು. ಲೈಬ್ರರಿ ಎದುರಿಗೇ, ಹಾಲಿನ ಅಂಗಡಿ ಬೀದಿಯ ತಿರುವಿನಲ್ಲೇ. ಅಷ್ಟೇ ಅವರ ಆಸೆ.

ಮುಂದಿನ ವಾರ ನವರಾತ್ರಿ. ಆಂಟಿ ಪ್ರತಿ ವರ್ಷ ಬೇಸ್‌ಮೆಂಟಿನಲ್ಲಿ ಗೊಂಬೆ ಕೂರಿಸುತ್ತಿದ್ದರು. ಗೊಂಬೆಯ ಮೆಟ್ಟಿಲುಗಳ ಕೆಳಗೆ, ಮೈಸೂರಿನ ಮನೆಗಳಲ್ಲಿ ಮಾಡುವ ಹಾಗೆ, ಅಗಲವಾದ ಟ್ರೇಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಪಾರ್ಕು ಮಾಡುತ್ತಿದ್ದರು. ಆ ವರ್ಷ ಪಾರ್ಕಿನ ಬದಲು ನಮ್ಮೂರನ್ನೇ ಮಾಡಿದ್ದರು. ಒಂದು ಮೂಲೆಯಲ್ಲಿ ರಟ್ಟಿನ ಪೇಟೆಬೀದಿ, ಉಳಿದದ್ದೆಲ್ಲ ಹಸಿರು ಪೈರು. ಅರಿಶಿನ ಕುಂಕುಮಕ್ಕೆ ಬಂದ ಪ್ರತಿ ಹೆಂಗಸಿನ ಕೈಗೂ ಒಂದು ಬೆಂಕಿಪೊಟ್ಟಣ ಕೊಟ್ಟು, "ಇದು ನಿನ್ನ ಮನೆ. ಎಲ್ಲಿ ಬೇಕೋ ಅಲ್ಲಿಡು. ಇಟ್ಟವರಿಗೆ ಮಾತ್ರ ಕೋಸಂಬರಿ" ಅನ್ನುತ್ತಿದ್ದರು.

ನಾವೆಲ್ಲ ನಗುತ್ತಾ ಇಟ್ಟೆವು. ಎಲ್ಲರೂ ಪೈರಿನ ಮೇಲೆಯೇ ಇಟ್ಟೆವು, ಒಬ್ಬರಿಂದ ಒಬ್ಬರು ಆದಷ್ಟು ದೂರ. ನಾನಂತೂ ತುದಿಯ ಮೂಲೆ ಹುಡುಕಿದೆ. ಒಂಬತ್ತನೆಯ ದಿನಕ್ಕೆ ರಾಗಿ ಪೈರು ಅಲ್ಲಲ್ಲಿ ಮಲಗಿತ್ತು, ಹಳದಿಯಾಗಿತ್ತು. ವಿಜಯದಶಮಿಯ ದಿನ ಆಂಟಿ ಎಲ್ಲ ಪೊಟ್ಟಣಗಳನ್ನೂ ಎತ್ತಿ ಪೇಟೆಬೀದಿಯ ಮೂಲೆಯಲ್ಲಿ ಒತ್ತಾಗಿ ಜೋಡಿಸಿದರು. ಎಣಿಸಿದರೆ ನಲವತ್ತಿದ್ದವು. ನಲವತ್ತೂ ಅಲ್ಲೇ ಹಿಡಿದವು, ಇನ್ನೂ ಜಾಗ ಉಳಿಯಿತು.

"ಅಷ್ಟೇ ಮನೆಗಳು, ಅಷ್ಟೇ ಜನ. ನೋಡ್ಕೊಳ್ಳಿ," ಅಂದರು.

"ಗೊಂಬೆಗಳೇನೋ ಒತ್ತಾಗಿ ಇರ್ತಾವೆ ಆಂಟಿ, ಅವಕ್ಕೆ ಎರಡೆರಡು ಕಾರಿಲ್ವಲ್ಲ!" ಎಂದು ಯಾರೋ ತಮಾಷೆ ಮಾಡಿದರು. ನಾನೂ ನಕ್ಕೆ.

ಅಷ್ಟರಲ್ಲಿ ನಮ್ಮ ಕನ್ನಡದ ಮನೆಗಳ ವಾಟ್ಸಾಪ್ ಗುಂಪಿನಲ್ಲಿ ಗಾಬರಿ ಹಬ್ಬಿತ್ತು. ಸಣ್ಣ ಮನೆಗಳು ಬಂದರೆ ಸ್ಕೂಲು ತುಂಬುತ್ತದೆ, ಟ್ರಾಫಿಕ್ ಆಗುತ್ತದೆ, ನಮ್ಮ ಮನೆಗಳ ಬೆಲೆ ಬೀಳುತ್ತದೆ. ಸಭೆಗೆ ನಾವೆಲ್ಲ ಹೋದೆವು. ಆಂಟಿ ನನ್ನ ಕಾರಿನಲ್ಲೇ ಬಂದರು. ನಾನು ಎದ್ದು ನಿಂತು, ಒಬ್ಬೊಬ್ಬರಿಗೆ ಕೊಡುವ ಮೂರು ನಿಮಿಷವೂ ಆ ನಲವತ್ತು ಮನೆಗಳ ವಿರುದ್ಧ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಚಪ್ಪಾಳೆ ಬಿತ್ತು. ನನ್ನ ನಂತರ ಆಂಟಿಯ ಸರದಿ. ಅವರು ಮೂರು ನಿಮಿಷವನ್ನೂ ಬಳಸಲಿಲ್ಲ. ನಾನು ವಯಸ್ಸಾದವಳು, ಕಾರು ಓಡಿಸುವುದಿಲ್ಲ, ಆ ಮನೆಗಳಲ್ಲಿ ಒಂದು ನನಗೆ ಬೇಕು, ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ ಕುಳಿತರು. ಬೇಕು ಎಂದವರು ಅವರೊಬ್ಬರೇ.

ಯೋಜನೆ ಬಿದ್ದುಹೋಯಿತು. ಗೆದ್ದೆವೆಂದು ನಮ್ಮವರೆಲ್ಲ ಎದ್ದರು. ಹೊಲದ ವಿಷಯ ಇನ್ನೂ ಬಾಕಿಯಿತ್ತು. "ಅದೊಂದು ಆಗ್ಲಿ, ನಾನು ಮಾತಾಡ್ಬೇಕು," ಎಂದು ಆಂಟಿ ಕುರ್ಚಿ ಬಿಡಲಿಲ್ಲ. ನನಗೆ ಬೆಳಗಿನ ಶಿಫ್ಟಿತ್ತು. ಕೀ ಕೈಯಲ್ಲಿ ಹಿಡಿದು ನಿಂತುಕೊಂಡೆ. ಒಂದು ನಿಮಿಷ ನನ್ನನ್ನೇ ನೋಡಿದರು, ಆಮೇಲೆ ಎದ್ದು ಬಂದರು. ಅವರಿಗೆ ಬೇರೆ ದಾರಿ ಏನಿತ್ತು? ಖಾಲಿ ಕುರ್ಚಿಗಳ ಮುಂದೆ ಹೊಲದ ಮನೆಗಳ ಯೋಜನೆ ಪಾಸಾಯಿತು.

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಆಮೇಲೆ ಅಂದರು, "ನೋಡು, ನನ್ನ ವಿರುದ್ಧ ಮಾತಾಡಿದವಳ ಕಾರಲ್ಲೇ ನಾನು ಮನೆ ಸೇರ್ಬೇಕು. ಇದನ್ನೇ ಕಣೇ ನಾನು ಅಲ್ಲಿ ಹೇಳೋಕೆ ಹೋಗಿದ್ದು."

"ನಮಗೆ ಎರಡೂ ಬೇಡ ಆಂಟಿ, ಹೊಲವೂ ಉಳೀಲಿ," ಅಂದೆ.

"ನೀವು ಬಂದಾಗ ನಿಮ್ಮನೆ ಜಾಗದಲ್ಲೂ ಜೋಳಾನೇ ಇತ್ತು. ಬರೋರು ಎಲ್ಲಾದ್ರೂ ಇರ್ಬೇಕಲ್ಲ? ಬೇಡ ಅನ್ನೋಕೆ ಊರಿಗೆ ಊರೇ ಬರತ್ತೆ. ಇದು ಬೇಕು, ಇಲ್ಲಿ ಬೇಕು ಅನ್ನೋಕೆ ಯಾರೂ ಬರಲ್ಲ."

ಬೈದಿದ್ದರೆ ವಾಸಿಯಿತ್ತು...

ವಸಂತದಲ್ಲಿ ಬುಲ್ಡೋಜರುಗಳು ಬಂದವು. ಹೊಲ ಕುಡಿಯುತ್ತಿದ್ದ ಮಳೆನೀರು ಈಗ ನಮ್ಮ ಬೇಸ್‌ಮೆಂಟುಗಳಿಗೆ ಬರುತ್ತದೆ. ಆಂಟಿ ಮಾತ್ರ ಸಭೆ ತಪ್ಪಿಸಲಿಲ್ಲ. ನಾನೂ ಹೋಗತೊಡಗಿದೆ, ಈಗ ಕೊನೆಯವರೆಗೆ ಕೂರುತ್ತಿದ್ದೆ. ಯಾವ ವಿಷಯಕ್ಕೆ ಮೊದಲೇ ಪತ್ರ ಬರೆಯಬೇಕು, ಊರಿನ ಪ್ಲಾನಿನಲ್ಲಿ ಯಾವ ಪುಟ ನೋಡಬೇಕು, ಫುಟ್‌ಪಾತು ಕೇಳುವುದು ಯಾರನ್ನು, ಎಲ್ಲ ಅವರಿಂದಲೇ ಕಲಿತೆ. ಕ್ಷಮಿಸಿ ಎಂದು ಮಾತ್ರ ಕೇಳಲಿಲ್ಲ. ಪ್ರತಿ ಸಲ ಕಾರು ಹತ್ತುವಾಗ ಕೇಳೋಣ ಅನ್ನಿಸುತ್ತಿತ್ತು. ಮಾರನೆಯ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಎಪ್ಪತ್ತೊಂದು ವರ್ಷ. ಕೊನೆಯ ವಾರವೂ ಹಾಲು ತರಿಸಿಕೊಂಡದ್ದು ನನ್ನಿಂದಲೇ.

ಈಗ ಅದೇ ಪಾರ್ಕಿಂಗ್ ಜಾಗಕ್ಕೆ ಸಣ್ಣ ಮನೆಗಳ ಯೋಜನೆ ಮತ್ತೆ ಬಂದಿದೆ. ವಾಟ್ಸಾಪ್ ಗುಂಪಿನಲ್ಲಿ ಹಳೆಯ ಮಾತುಗಳೇ ಮತ್ತೆ ಓಡಾಡುತ್ತಿವೆ. ಈ ಸಲ ನಾನು ಬೇಕು ಎನ್ನುತ್ತೇನೆ ಎಂದು ಬರೆದೆ. ಹಿಂದೆ ಬೇಡ ಎಂದದ್ದು ತಪ್ಪಾಗಿತ್ತು, ಅದನ್ನು ಸಭೆಯಲ್ಲೂ ಹೇಳುತ್ತೇನೆ ಎಂದೂ ಬರೆದೆ. ನಿಮ್ಮ ಮನೆಯ ಬೆಲೆಯೂ ಬೀಳುತ್ತದಲ್ಲ ಎಂದು ಒಬ್ಬರು ಕೇಳಿದರು. ಬೀಳಲಿ. ದೇವಸ್ಥಾನದಲ್ಲಿ ನನ್ನನ್ನು ಕಂಡು ಮುಖ ತಿರುಗಿಸುವವರಿದ್ದಾರೆ, ತಿರುಗಿಸಲಿ. ಮಂಗಳವಾರ ನಾನು ಹೋಗುತ್ತೇನೆ. ಕಾರು ಓಡಿಸದ ಇನ್ನಿಬ್ಬರು ಹಿರಿಯರಿದ್ದಾರೆ, ಅವರನ್ನೂ ಕರೆದೊಯ್ಯುತ್ತೇನೆ, ಅವರ ಮಾತು ಮುಗಿಯುವವರೆಗೆ ಕಾಯುತ್ತೇನೆ. ಈ ಸಲವೂ ಸೋತರೆ ಮುಂದಿನ ಸಲ ಹೋಗುತ್ತೇನೆ.

ಆದರೆ ಆ ಮನೆ ಬೇಕೆಂದು ಕೇಳಿದವರು ಇಲ್ಲ. ಕಾರಿಲ್ಲದ ಹೆಂಗಸೊಬ್ಬಳು ಯಾರನ್ನೂ ಕೇಳದೆ ನಡೆದುಹೋಗಿ ಹಾಲು ತರಬಹುದಾದ ಮನೆ ನಮ್ಮೂರಿನಲ್ಲಿ ಇವತ್ತಿಗೂ ಒಂದೂ ಇಲ್ಲ.