ಬೇರೆ ಕಡೆಯ ನೀರು

ನನಗೆ ನೌಕರಿ ಸಿಕ್ಕಿದ್ದು ನನ್ನ ಗಂಡ ತೀರಿಕೊಂಡದ್ದರಿಂದ. ಜಮಖಂಡಿಯಲ್ಲಿ ಹೊಳೆ, ಬಾವಿಗಳ ನೀರು ಪರೀಕ್ಷೆ ಮಾಡುವ ಸಣ್ಣ ಸರಕಾರಿ ಪ್ರಯೋಗಾಲಯವೊಂದಿತ್ತು. ಎರಡು ಕೋಣೆ, ಒಂದು ಪಡಸಾಲೆ, ಅಷ್ಟೇ. ಊರೂರು ತಿರುಗಿ ಅಲ್ಲಿಗೆ ನೀರು ತರುವುದು ಅವರ ಕೆಲಸವಾಗಿತ್ತು. ಬನಹಟ್ಟಿ ರಸ್ತೆಯಲ್ಲಿ ಅವರ ಸೈಕಲ್ಲಿಗೆ ಕಬ್ಬಿನ ಟ್ರ್ಯಾಕ್ಟರ್ ಬಡಿಯಿತು. ಎಂಟು ತಿಂಗಳಾದ ಮೇಲೆ ಅದೇ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ಎಂಬತ್ತರ ದಶಕದ ಮಾತು. ಆಗ ನನಗೆ ಇಪ್ಪತ್ತೇಳು. ಹತ್ತನೆಯ ತರಗತಿ ಪಾಸಾಗಿದ್ದೆ.

ಮೊದಲ ದಿನ ನನ್ನ ಮುಂದೆ ಅವರ ಮರದ ಪೆಟ್ಟಿಗೆ ಇಟ್ಟರು. ಒಳಗೆ ಗಾಜಿನ ಬಿರಡೆಯ ಬಾಟಲಿಗಳು, ಎರಡು ಔಷಧದ ಸೀಸೆ, ಒಂದು ಥರ್ಮಾಮೀಟರು, ಹಳೇ ಸೀರೆಯ ಚೂರುಗಳು. ಆ ಚೂರುಗಳು ನನ್ನ ಸೀರೆಯವೇ. ಬಾಟಲಿ ಒಡೆಯದಿರಲಿ ಎಂದು ಸುತ್ತಲು ನಾನೇ ಹರಿದುಕೊಟ್ಟಿದ್ದೆ. ಅವನ್ನು ನೋಡಿದರೆ ಅಳು ಬರುತ್ತದೆಂದು ಪಕ್ಕದಲ್ಲಿ ನಿಂತವರು ಅಂದುಕೊಂಡಿರಬೇಕು. ನನಗೆ ಏನೂ ಬರಲಿಲ್ಲ. ಬಾಟಲಿಗಳನ್ನು ಎಣಿಸಿದೆ.

ಕೆಲಸ ಕಲಿಸಿದವರು ಪ್ರಯೋಗಾಲಯದ ಮುಖ್ಯಸ್ಥರು. ಧಾರವಾಡದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದಿದ್ದರು. ನಾವು ಅವರನ್ನು ಸಾಹೇಬರು ಅನ್ನುತ್ತಿದ್ದೆವು. ನೀರಿನಲ್ಲಿ ಉಸಿರಿದೆಯೋ ಇಲ್ಲವೋ ನೋಡುವುದು ಮುಖ್ಯ ಎಂದು ಅವರು ಹೇಳಿದರು. ಮೀನು ಬದುಕುವುದು ಆ ಉಸಿರಿನ ಮೇಲೆ. ಬಾಟಲಿಯನ್ನು ನೀರೊಳಗೆ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಹೊಳೆಯ ಮೇಲೆಯೇ ಎರಡೂ ಔಷಧ ಹಾಕಿ, ಬಿರಡೆ ಒತ್ತಿ, ಅಲುಗಾಡಿಸಬೇಕು. ಒಳಗೆ ಮೋಡದಂಥದ್ದು ಕಟ್ಟುತ್ತದೆ. ನೀರಿನಲ್ಲಿ ಉಸಿರಿದ್ದರೆ ಆ ಮೋಡ ಕಂದು ಬಣ್ಣಕ್ಕೆ ತಿರುಗುತ್ತದೆ. ಎಷ್ಟಿದೆ ಎನ್ನುವ ಲೆಕ್ಕ ಆಮೇಲೆ ಪ್ರಯೋಗಾಲಯದಲ್ಲಿ.

"ಇಲ್ಲದಿದ್ರ ಏನಾಗತೈತ್ರಿ?" ಎಂದು ಕೇಳಿದೆ.

"ಬೆಳ್ಳಗ ಉಳೀತದ. ನಾ ಇಷ್ಟು ವರ್ಷದಾಗ ಹೊಳಿ ನೀರಿನೊಳಗ ಅದನ್ನ ನೋಡಿಲ್ಲ," ಅಂದರು.

ಹದಿನೈದು ದಿನಕ್ಕೊಮ್ಮೆ ಬೆಳಗಿನ ಬಸ್ಸಿಗೆ ಪೆಟ್ಟಿಗೆ ಹಿಡಿದು ಮುಧೋಳಕ್ಕೆ ಹೋಗುತ್ತಿದ್ದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಕಬ್ಬಿನ ಹೊಲಗಳ ನಡುವೆ ನಡಿಗೆ. ಘಟಪ್ರಭೆ ಅಲ್ಲಿ ಅಗಲವಾಗಿ, ಸಾವಕಾಶ ಹರಿಯುತ್ತಾಳೆ. ದೋಣಿ ನಡೆಸುವ ಮುದುಕನೊಬ್ಬ ನಡುಹೊಳೆಗೆ ಕರೆದೊಯ್ಯುತ್ತಿದ್ದ. ನಾನು ಅವನನ್ನು ಕಾಕಾ ಅನ್ನುತ್ತಿದ್ದೆ, ಅವನು ನನ್ನನ್ನು ಮರ್ಯಾದೆಯಿಂದ ಬಾಯಾರ ಅನ್ನುತ್ತಿದ್ದ. ಮೊದಲ ಸಲ ಹೋದಾಗ ಅವನು ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ. "ಸಾವಕಾಶ ಹತ್ರಿ, ಹಲಗಿ ಜಾರತೈತಿ," ಅಂದ. ಅಷ್ಟೇ. ಸತ್ತವರ ಬಗ್ಗೆ ಒಂದು ಮಾತನ್ನೂ ಆಡದ ಮೊದಲ ಮನುಷ್ಯ ಅವನು. ಅದು ನನಗೆ ಹಿತವಾಯಿತು.

ಹಿತವೆಂದರೆ ಸರಿಯಾದ ಮಾತಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಹಿತವೂ ಇರಲಿಲ್ಲ, ಕಷ್ಟವೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದರೆ ದವಡೆ ಮರಗಟ್ಟುತ್ತದಲ್ಲ, ಹಾಗೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ನೋಯುವುದಿಲ್ಲ. ಅತ್ತೆ ಉಣ್ಣು ಅಂದರೆ ಉಣ್ಣುತ್ತಿದ್ದೆ. ನೀರು ತುಂಬು, ಔಷಧ ಹಾಕು, ಅಲುಗಾಡಿಸು, ಬರೆ. ಈ ಕೆಲಸಕ್ಕೆ ಮನಸ್ಸು ಬೇಕಾಗಿರಲಿಲ್ಲ, ಕೈ ಇದ್ದರೆ ಸಾಕಾಗಿತ್ತು. ಒಂದು ವರ್ಷ ಹೀಗೇ ಹೋಯಿತು. ಪ್ರತಿ ಸಲವೂ ಬಾಟಲಿ ಕಂದಾಯಿತು.

ಎರಡನೆಯ ಬೇಸಿಗೆ ಹೊಳೆ ಬಹಳ ಇಳಿಯಿತು. ಹರಿವು ನಿಂತು ಅಲ್ಲಲ್ಲಿ ಮಡು ಉಳಿದವು. ಮೇಲಿನಿಂದ ಊರುಗಳ ಗಟಾರದ ನೀರು ಬರುತ್ತಿತ್ತು. ಇನ್ನೂ ಏನೇನು ಬರುತ್ತಿತ್ತೋ, ಎಲ್ಲಿಂದ ಬರುತ್ತಿತ್ತೋ ಹುಡುಕುವುದು ನಮ್ಮ ಕೆಲಸವಾಗಿರಲಿಲ್ಲ. ಹಳಸಿದ ಬೆಲ್ಲದ ಪಾನಕದಂಥ ವಾಸನೆ ದಂಡೆಯ ತನಕ ಹೊಡೆಯುತ್ತಿತ್ತು. ಅಂದು ಕಾಕಾ ದೋಣಿಯ ಹತ್ತಿರ ಇರಲಿಲ್ಲ. ಎಮ್ಮೆಯ ಹಗ್ಗ ಹಿಡಿದು ದಂಡೆಯಲ್ಲಿ ನಿಂತಿದ್ದ.

"ಮೂರ ದಿನ ಆತ್ರಿ ಬಾಯಾರ, ಇದು ಹೊಳಿಗೆ ಬಾಯಿ ಹಚ್ಚವಲ್ದು," ಅಂದ. "ಮನಿಯಾಗ ನಮ್ಮಾಕಿಗೂ ಹೊಟ್ಟಿ ಕೆಟ್ಟೈತಿ."

ಸ್ವಲ್ಪ ಕೆಳಗೆ ಹೆಂಗಸರು ಉಸುಕಿನಲ್ಲಿ ವರತಿಯ ಗುಂಡಿ ತೋಡಿ, ಜಿನುಗಿದ ನೀರನ್ನು ಬಗ್ಗಿ ಬಟ್ಟಲಿನಿಂದ ಕೊಡಕ್ಕೆ ತುಂಬುತ್ತಿದ್ದರು. ನೀರಿನಂಚಿಗೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಕಾಕಾ ಎಮ್ಮೆ ಕಟ್ಟಿ ದೋಣಿ ತಳ್ಳಿದ. ಮಡುವಿನ ನಡುವಿಗೆ ಹೋಗಿ ಬಾಟಲಿ ತುಂಬಿದೆ, ಔಷಧ ಹಾಕಿದೆ, ಅಲುಗಾಡಿಸಿದೆ. ಮೋಡ ಕಟ್ಟಿತು. ಬೆಳ್ಳಗೆ, ಗಂಜಿಯ ತಿಳಿಯಂತೆ. ಮತ್ತೆ ಅಲುಗಾಡಿಸಿ ಕಾದೆ. ಬಣ್ಣ ಬದಲಾಗಲಿಲ್ಲ. ಇನ್ನೊಂದು ಬಾಟಲಿ ತುಂಬಿದೆ. ಅದೂ ಹಾಗೆಯೇ ಉಳಿಯಿತು.

ಸಾಹೇಬರು ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ನಿನ್ನ ಔಷಧ ಹಾಳಾಗೇದವಾ," ಅಂದರು. ಅದೇ ಸೀಸೆಯಿಂದ ನಮ್ಮ ನಳದ ನೀರಿಗೆ ಹಾಕಿ ತೋರಿಸಿದೆ. ಕೂಡಲೇ ಕಂದಾಯಿತು. ಅವರು ಹಳೆಯ ರಜಿಸ್ಟರು ತೆಗೆದರು.

"ಮೂರು ವರ್ಷದ ಹಿಂದ ನೋಡು, ಹೊಳಿ ಇದಕ್ಕಿಂತ ಇಳಿದಿತ್ತು. ಆ ಎರಡು ತಿಂಗಳು ನಾಲ್ಕೂ ಸಲ ನೀರು ಛಲೋ ಬಂದದ. ನಿನ್ನ ಗಂಡನ ಕೈಯಾಗಿನ ಬರಹ. ಈಗ ಒಮ್ಮಿಂದೊಮ್ಮೆ ಸೊನ್ನೆ ಅಂತ ಬರೆದು ಕಳಿಸಿದ್ರ, ಇದು ಹೆಂಗಂತ ಮ್ಯಾಲಿನವರು ಕೇಳತಾರ. ಮುಂದಿನ ಸಲ ಮತ್ತ ನೋಡೋಣ."

ಆ ನಾಲ್ಕು ಸಾಲುಗಳನ್ನು ನೋಡಿದೆ. ನೀಟಾದ ಅಕ್ಷರ. ಪಕ್ಕದ ತಾರೀಖುಗಳನ್ನು ಓದುವಾಗ ಏನೋ ಅನುಮಾನ ಬಂತು. ಆ ತಿಂಗಳುಗಳಲ್ಲಿ ನಾನು ಮಿರಜಿನ ಆಸ್ಪತ್ರೆಯಲ್ಲಿದ್ದೆ, ಅವರೂ ಹೆಚ್ಚಿನ ದಿನ ನನ್ನ ಪಕ್ಕದಲ್ಲೇ ಇದ್ದರು. ಬಸಿರು ನಿಲ್ಲುವುದು ಕಷ್ಟವೆಂದು ಮಲಗಿಸಿಯೇ ಇಟ್ಟಿದ್ದರು. ಕೂಸು ಹುಟ್ಟಿ ಹನ್ನೊಂದು ದಿನ ಇತ್ತು.

ಮುಂದಿನ ಪಾಳಿಯ ತನಕ ಕಾಯದೆ, ಮರುದಿನವೇ ಒಬ್ಬಳೇ ಹೊಳೆಗೆ ಹೋದೆ. ಆ ಬೇಸಿಗೆಯ ಬಗ್ಗೆ ಕಾಕಾನನ್ನು ಕೇಳಿದೆ. ಅವನು ಹುಟ್ಟು ನೀರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಆ ಬ್ಯಾಸಗಿ ಅವರು ಬರಲಿಲ್ರಿ. ಮಳಿ ಹಿಡಿದ ಮ್ಯಾಲ ಬಂದರು. ನಮ್ಮ ಕೂಸು ಹೋತು ಕಾಕಾ ಅಂದ್ರು. ನೀವು ದವಾಖಾನಿಯಾಗ ಇದ್ದಿರಂತಲ್ಲ."

ಬಸ್ಸಿನಲ್ಲಿ ಹಿಂದಿರುಗುವಾಗ ನೆನಪಾಯಿತು. ಆಸ್ಪತ್ರೆಯ ನನ್ನ ಮಂಚದ ಕೆಳಗೆ ಈ ಪೆಟ್ಟಿಗೆ ಇತ್ತು. ಕೆಲವು ಸಂಜೆ ಅವರ ಪ್ಯಾಂಟಿನ ಕಾಲು ಮೊಣಕಾಲತನಕ ಒದ್ದೆಯಾಗಿರುತ್ತಿತ್ತು. "ಕೆಲಸ ಮುಗಿಸ್ಕೊಂಡು ಬಂದೆ," ಅನ್ನುತ್ತಿದ್ದರು. ಮುಧೋಳದಿಂದ ಬಂದರೆಂದೇ ನಾನು ತಿಳಿದಿದ್ದೆ. ಮಿರಜಿನ ಹತ್ತಿರವೂ ಕೃಷ್ಣಾ ಹರಿಯುತ್ತದೆ. ರಜೆ ಮುಗಿದಿತ್ತು, ನನ್ನನ್ನು ಬಿಟ್ಟು ಹೋಗಲಾರದೆ ಅಲ್ಲಿಯ ನೀರನ್ನೇ ತುಂಬಿ, ನಸುಕಿನ ಬಸ್ಸಿಗೆ ಜಮಖಂಡಿಗೆ ಹೋಗಿ ಒಪ್ಪಿಸಿ, ಮತ್ತೆ ಬಂದು ಕೂತಿದ್ದರು. ನಾಲ್ಕು ಸಲ.

ಅವರ ಮೇಲೆ ಸಿಟ್ಟು ಬರಬೇಕಾಗಿತ್ತು, ಇಲ್ಲ ಕರುಳು ಹಿಂಡಬೇಕಾಗಿತ್ತು. ಎರಡನ್ನೂ ಕಾದೆ. ಕಬ್ಬು, ಬಾಳೆ, ಮತ್ತೆ ಕಬ್ಬು ಕಿಟಕಿಯಾಚೆ ಹೋದವು. ಪಕ್ಕದ ಹೆಂಗಸು ಮಹಾಲಿಂಗಪುರದ ಬೆಲ್ಲದ ತುಣುಕೊಂದು ಕೊಟ್ಟಳು. ಬಾಯಲ್ಲಿ ಹಾಕಿಕೊಂಡೆ.

ಎರಡು ದಿನ ಸುಮ್ಮನಿದ್ದೆ. ಸತ್ತವರ ಹೆಸರು ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ಈಗ ಹೇಳಬಹುದು. ಖರೆ ಅಂದರೆ, ಹೇಳಿದರೂ ಬಿಟ್ಟರೂ ನನಗೆ ಒಂದೇ ಅನ್ನಿಸುತ್ತಿತ್ತು. ಮೂರನೆಯ ದಿನ ಅತ್ತೆ ಕುಡಿಯಲು ನೀರು ಕೊಟ್ಟರು. ತಂಬಿಗೆ ತುಟಿಗೆ ಹತ್ತಿರ ತಂದಾಗ ವರತಿಯ ಹತ್ತಿರ ಬಗ್ಗಿದ್ದ ಹೆಂಗಸರ ಬೆನ್ನು ಕಣ್ಣಿಗೆ ಬಂತು. ತಂಬಿಗೆ ಕೆಳಗಿಟ್ಟು ಆಫೀಸಿಗೆ ಹೋದೆ.

"ಸಾಹೇಬ್ರ, ಆ ನಾಲ್ಕ ಸಲದ್ದು ಈ ಹೊಳಿ ನೀರಲ್ರಿ," ಅಂದೆ. ಇದ್ದದ್ದನ್ನೆಲ್ಲ ಹೇಳಿದೆ. ಯಾರದೋ ಕಥೆ ಹೇಳಿದಂತೆ ಹೇಳಿ ಮುಗಿಸಿದೆ.

ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಇದನ್ನ ಹೇಳಿದ್ರ ನಿನ್ನ ನೌಕರಿಗೆ ಏನಾದೀತು ಅಂತ ವಿಚಾರ ಮಾಡಿದೆಯೇನವಾ?"

"ಮಾಡಿಲ್ರಿ."

"ನಾಳೆ ಮುಂಜಾನಿ ಎಷ್ಟಕ್ಕದ ನಿನ್ನ ಬಸ್ಸು?"

ಮರುದಿನ ಅವರೇ ಬಂದರು. ಹೊಳೆಗೆ ಬಂದು ಎಷ್ಟೋ ವರ್ಷವಾಗಿತ್ತಂತೆ. ಧೋತರ ಎತ್ತಿ ಕಟ್ಟಿ, ದೋಣಿಯ ಎರಡೂ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ನಡುಹೊಳೆಯಲ್ಲಿ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಾವೇ ತುಂಬಿದರು, ತಾವೇ ಔಷಧ ಹಾಕಿದರು. ಬೆಳ್ಳಗಾಯಿತು. ಬಾಟಲಿಯನ್ನು ಸೀರೆಯ ಚೂರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಕಾಕಾ ದೋಣಿ ತಿರುಗಿಸಲೇ ಎಂದು ನನ್ನ ಮುಖ ನೋಡಿದ. ತಿರುಗಿಸು ಎಂದು ಕೈ ಮಾಡಿದೆ.

ದಂಡೆಗೆ ಬಂದ ಮೇಲೆ ಸಾಹೇಬರು ಹೆಂಗಸರ ಹತ್ತಿರ ಹೋಗಿ, "ತಂಗೇರ, ಈ ನೀರು ಒಯ್ಯಬ್ಯಾಡ್ರಿ," ಅಂದರು. "ಮತ್ತ ಯಾವುದು ಒಯ್ಯೂನ್ರಿ?" ಎಂದು ಒಬ್ಬಳು ಕೇಳಿದಳು. ಸಾಹೇಬರು ಅಲ್ಲಿಂದ ನೇರ ಮುಧೋಳದ ತಾಲೂಕು ಕಚೇರಿಗೆ ಹೋಗಿ, ಸಂಜೆಯ ತನಕ ಬೆಂಚಿನ ಮೇಲೆ ಕೂತು, ಸಂಬಂಧಪಟ್ಟವರನ್ನು ಕಂಡೇ ಎದ್ದರು. ನಾನೂ ಪಕ್ಕದಲ್ಲಿ ಕೂತಿದ್ದೆ. ಎರಡು ದಿನದೊಳಗೆ, ಹೊಳೆಯ ನೀರು ಕುಡಿಯಬಾರದೆಂದು ಊರಲ್ಲಿ ಡಂಗುರ ಸಾರಿದರು. ಟ್ಯಾಂಕರು ಬಂತು, ದಿನ ಬಿಟ್ಟು ದಿನ. ಕಾಕಾನ ಹೆಂಡತಿ ಚೇತರಿಸಿಕೊಂಡಳು. ನಮ್ಮ ವರದಿಯನ್ನು ಓದಿ ಮೇಲಿನ ಯಾವ ಕೊಳೆಯನ್ನು ಯಾರು ತಡೆದರು, ತಡೆದರೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ.

ಹಳೆಯ ರಜಿಸ್ಟರಿನಲ್ಲಿ ಆ ನಾಲ್ಕು ಸಾಲುಗಳ ಪಕ್ಕ ಸಾಹೇಬರು ಪೆನ್ಸಿಲಿನಿಂದ 'ನೀರು ಬೇರೆ ಕಡೆಯದು' ಎಂದು ಬರೆದು ಸಹಿ ಮಾಡಿದರು. "ಸುಳ್ಳು ಅಂತ ಬರೆಯಂಗಿಲ್ಲವಾ. ಪರೀಕ್ಷೆ ಖರೇನ ಆಗೇದ, ನೀರಷ್ಟ ಬ್ಯಾರೆ," ಅಂದರು. ಮೇಲಿನಿಂದ ಅವರಿಗೊಂದು ಪತ್ರ ಬಂತು. ಉತ್ತರ ಏನು ಬರೆದರೋ ತೋರಿಸಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮರುವರ್ಷ ಅವರು ನಿವೃತ್ತರಾದರು.

ಮಳೆ ಬಿದ್ದು ಮೇಲಿನಿಂದ ಹೊಸ ನೀರು ಬಂದ ಮೇಲಿನ ಮೊದಲ ಪಾಳಿ ನೆನಪಿದೆ. ಕೆಂಪು ನೀರು, ಕಸಕಡ್ಡಿ, ಜೋರು ಸೆಳವು. ಬಾಟಲಿ ಚೆನ್ನಾಗಿ ಕಂದಾಯಿತು. ಕಾಕಾ ಬಗ್ಗಿ ನೋಡಿ, "ಉಸಿರ ಬಂತೇನ್ರಿ?" ಅಂದ. ಬಂತು ಅಂದೆ.

ಆ ದಿನ ಮುಧೋಳದಿಂದ ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿತು. ಗಂಡ ಹೋದ ಮೇಲೆ ಹಾಗೆ ಮೈಮರೆತು ಮಲಗಿದ್ದು ಅದೇ ಮೊದಲು. ಕಂಡಕ್ಟರು ಭುಜದ ಹತ್ತಿರ ಸೀಟು ತಟ್ಟಿದ. "ಅಕ್ಕಾರ, ಜಮಖಂಡಿ ಹಿಂದ ಹೋತ್ರಿ. ಇದು ಸಾವಳಗಿ." ಇಳಿದೆ. ಇನ್ನೂ ಬೆಳಕಿತ್ತು. ತಿರುಗಿ ಹೋಗುವ ಬಸ್ಸಿಗೆ ಒಂದು ತಾಸು ಅಂದರು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಪೆಟ್ಟಿಗೆ ತೊಡೆಗೆ ಆನಿಸಿ ಕೂತು ಚಹಾ ತರಿಸಿದೆ. ಬಹಳ ಬಿಸಿ ಇತ್ತು, ನಾಲಗೆ ಸುಟ್ಟು ನೋಯಿತು. ಆರಲು ಬಿಟ್ಟು, ಪೂರ್ತಿ ಕುಡಿದೆ.