ಕಪ್ಪಾಗದ ಆಲೂಗಡ್ಡೆ

ಗಿಲ್‌ರಾಯ್‌ನ ನಮ್ಮ ಮನೆಯಿಂದ ಸಾಂಟಾ ಕ್ಲಾರಾದ ಆಫೀಸಿಗೆ ಹೋಗಬೇಕಾದರೆ ಬೆಳಕು ಹರಿಯುವ ಮುಂಚೆಯೇ ಫ್ರೀವೇ ಸೇರಬೇಕು. ಅಂದು ಸಂಜೆಯ ಬಜ್ಜಿಗೆಂದು, ಮನೆಯವರೆಲ್ಲ ಏಳುವ ಮೊದಲೇ ಆಲೂಗಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ ಫ್ರಿಜ್ಜಿನಲ್ಲಿಟ್ಟೆ. ನೀರಿಗೆ ಹಾಕಲಿಲ್ಲ. ಇದು ಜೀನ್ ಬದಲಾಯಿಸಿದ ಆಲೂಗಡ್ಡೆ, ಹೆಚ್ಚಿಟ್ಟರೂ ಬೇಗ ಕಪ್ಪಾಗುವುದಿಲ್ಲ ಎಂದು ಚೀಲದ ಮೇಲೆಯೇ ಬರೆದಿತ್ತು.

ಸಂಜೆ ಬಂದವಳೇ ಎಣ್ಣೆ ಕಾಯಲಿಟ್ಟು ಹಿಟ್ಟು ಕಲಸುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ಅತ್ತೆ ವಾಕಿಂಗ್ ಮುಗಿಸಿ ಒಳಗೆ ಬಂದರು. ತಟ್ಟೆಯ ತುಂಬ ಬೆಳ್ಳಗಿದ್ದ ಬಿಲ್ಲೆಗಳನ್ನು ನೋಡಿದರು.

“ಈಗ ಹೆಚ್ಚಿದ್ಯಾ? ಬೆಳಿಗ್ಗೆನೇ ಹೆಚ್ಚಿಟ್ಟು ಹೋಗಿದ್ರೆ ಇಷ್ಟೊತ್ತಿಗೆ ಬಜ್ಜಿ ಆಗಿರೋದಲ್ವಾ?”

“ಬೆಳಿಗ್ಗೆನೇ ಹೆಚ್ಚಿದ್ದು ಅತ್ತೆ. ಇದು ಕಪ್ಪಾಗಲ್ಲ.”

“ನಾನೂ ಅಡುಗೆ ಮಾಡ್ದೋಳೇ ಕಣಮ್ಮ,” ಎಂದು ನಕ್ಕರು.

ಜೀನಿನ ಕತೆ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಬಜ್ಜಿ ಕರಿದು ಕೊಟ್ಟೆ. ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು.

ಮರುವಾರ ಮಾಮೂಲಿ ಆಲೂಗಡ್ಡೆಯನ್ನೇ ತಂದೆ. ನಸುಕಿನಲ್ಲೆದ್ದು ಹೆಚ್ಚಿ, ನೀರಿಗೆ ಹಾಕದೆ, ಅತ್ತೆ ಏಳುತ್ತಲೇ ಕಣ್ಣಿಗೆ ಬೀಳುವಂತೆ ಅಡುಗೆಕಟ್ಟೆಯ ಮೇಲೆ ಬಿಟ್ಟು ಆಫೀಸಿಗೆ ಹೊರಟೆ. ಚೆನ್ನಾಗಿ ಕಪ್ಪಾಗಲಿ.